ಜ್ವರ ಇಳಿಯಿತು, ಸಾಲ ಇಳಿಯಲಿಲ್ಲ

ರೋಗಕ್ಕೆ ಜಾತಿಯಿಲ್ಲ ಅನ್ನುವ ಮಾತು 2020ರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಮಂತ್ರಿಗಳು ಹೇಳಿದರು, ಮಠದವರು ಹೇಳಿದರು, ಟಿವಿಯವರು ದಿನಾ ಹೇಳಿದರು. ಮಾತು ಅರ್ಧ ನಿಜ. ರೋಗಾಣುವಿಗೆ ಯಾರ ಜಾತಿಯೂ ಗೊತ್ತಿಲ್ಲ. ಆದರೆ ಅದರಿಂದ ತಪ್ಪಿಸಿಕೊಳ್ಳಬೇಕಾದರೆ ಮನೆಯಲ್ಲಿ ಇನ್ನೊಂದು ಕೋಣೆ ಬೇಕು, ತಿಂಗಳಿಗಾಗುವಷ್ಟು ರಾಗಿ ಅಕ್ಕಿ ಬೇಕು, ಕೆಲಸಕ್ಕೆ ಹೋಗದಿದ್ದರೂ ಬರುವ ಸಂಬಳ ಬೇಕು. ಇವು ಯಾವ ಮನೆಯಲ್ಲಿವೆ, ಯಾವ ಮನೆಯಲ್ಲಿಲ್ಲ ಅಂತ ನೋಡುತ್ತಾ ನಡೆದರೆ ಊರು ಎಲ್ಲಿ ಮುಗಿಯುತ್ತೆ, ಕೇರಿ ಎಲ್ಲಿ ಶುರುವಾಗುತ್ತೆ ಅನ್ನುವುದು ಯಾರಿಗಾದರೂ ಗೊತ್ತಾಗುತ್ತೆ.

ಚರಿತ್ರೆ ಬರೆದವರು ಸಾಂಕ್ರಾಮಿಕ ರೋಗಗಳನ್ನು ಸತ್ತವರ ಲೆಕ್ಕದಲ್ಲಿ ಬರೆದಿದ್ದಾರೆ. ಬದುಕಿ ಉಳಿದವರ ಸಾಲದ ಲೆಕ್ಕವನ್ನು ಬರೆದಿಲ್ಲ. ಆ ಲೆಕ್ಕ ಸಾಹುಕಾರನ ಪುಸ್ತಕದಲ್ಲಿದೆ. ಅದನ್ನು ಓದುವುದಕ್ಕೆ ನಮ್ಮ ಅಜ್ಜ ಅಜ್ಜಿಯರಿಗೆ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವುದಷ್ಟೇ ಬರುತ್ತಿತ್ತು. ಅವರ ಮೊಮ್ಮಕ್ಕಳಾದ ನಾವು ಈಗ ನಾಲ್ಕಕ್ಷರ ಕಲಿತಿದ್ದೇವೆ. ಹಾಗಾಗಿ ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಈ ನಾಡಿನ ಮೇಲೆ ಹಾದುಹೋದ ಮೂರು ರೋಗಗಳನ್ನು, ಅಂದರೆ 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ, 2020ರ ಕೊರೋನಾವನ್ನು, ಕೇರಿಯ ಕಡೆಯಿಂದ ನಿಂತು ಓದಬೇಕಾಗಿದೆ.

ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ರೈಲು ಹತ್ತಿ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಾಗಿತ್ತು. ಮೈಸೂರು ಸಂಸ್ಥಾನವೂ ಅದೇ ದಾರಿ ಹಿಡಿಯಿತು. ರೈಲು ನಿಲ್ದಾಣದಲ್ಲಿ ತಪಾಸಣೆ, ರೋಗಿಗಳನ್ನು ಊರಾಚೆಯ ಕ್ಯಾಂಪಿಗೆ ಸಾಗಿಸುವುದು, ಮನೆ ಖಾಲಿ ಮಾಡಿಸಿ ಔಷಧ ಹೊಡೆಯುವುದು, ಹಾಸಿಗೆ ಬಟ್ಟೆ ಸುಡುವುದು. ನಿಯಮವೇನೋ ಎಲ್ಲರಿಗೂ ಒಂದೇ. ಆದರೆ ಹತ್ತು ಹಾಸಿಗೆಯಿದ್ದ ಮನೆಯಲ್ಲಿ ಎರಡು ಸುಟ್ಟರೆ ಎಂಟು ಉಳಿಯುತ್ತವೆ. ಒಂದೇ ಕಂಬಳಿಯಿದ್ದ ಮನೆಯಲ್ಲಿ ಅದನ್ನು ಸುಟ್ಟರೆ? ಚಳಿಗಾಲಕ್ಕೆ ಇನ್ನೊಂದು ಕಂಬಳಿ ಎಂದರೆ ಅದು ಸಾಲವೇ.

ಹಳ್ಳಿಗಳಲ್ಲಿ 'ಇಲಿ ಬಿತ್ತು' ಅಂದ ಕೂಡಲೇ ಜನ ಊರು ಬಿಡುತ್ತಿದ್ದರು. ಹೊಲ ಇದ್ದವನು ತನ್ನ ಹೊಲದಲ್ಲಿ ಗುಡಿಸಲು ಹಾಕಿಕೊಂಡ. ಹೊಲ ಇಲ್ಲದವನು ಯಾರ ಹೊಲಕ್ಕೆ ಹೋಗಬೇಕು? ಇನ್ನೊಬ್ಬರ ಬದುವಿನ ಮೇಲೆ ನಾಲ್ಕು ಗಳ ನೆಡಬೇಕಾದರೂ ಒಡೆಯನ ಬಾಯಿ ನೋಡಬೇಕು. ಅವನು ಹೂಂ ಅಂದರೆ ಅದು ಋಣ. ಆ ಋಣವನ್ನು ಬಿಟ್ಟಿ ದುಡಿದು ತೀರಿಸಬೇಕು. ರೋಗದಿಂದ ಓಡುವುದಕ್ಕೂ ಭೂಮಿ ಬೇಕಾಗಿತ್ತು ಅನ್ನುವುದನ್ನು ಭೂಮಿಯಿದ್ದವರು ಎಂದೂ ಬರೆಯಲಿಲ್ಲ. ಅವರಿಗೆ ಅದು ಹೊಳೆಯುವ ಸಂಗತಿಯೂ ಆಗಿರಲಿಲ್ಲ.

ಬೆಂಗಳೂರಿನಲ್ಲಿ ಉಳ್ಳವರು ಪ್ಲೇಗಿಗೆ ಇನ್ನೊಂದು ಉತ್ತರ ಕಂಡುಕೊಂಡರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಪ್ಲೇಗಿಗಿಂತ ಮೊದಲೇ ಇತ್ತು. ಆದರೆ ಅವು ಜನರಿಂದ ತುಂಬಿದ್ದು ಪ್ಲೇಗಿನ ಭಯದಿಂದ. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆ, ಮುಂದೆ ಗಿಡ. ಅಲ್ಲೂ ಜಾತಿವಾರು ಭಾಗಗಳನ್ನು ಗುರುತಿಸಿದ್ದರು. ಕಂಟೋನ್ಮೆಂಟ್ ಕಡೆ ಫ್ರೇಜರ್ ಟೌನನ್ನು ಇಲಿ ನುಗ್ಗದ ಮನೆಗಳ ಮಾದರಿ ಬಡಾವಣೆಯಾಗಿ ಕಟ್ಟಿದರು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಯ ಮಂಡಳಿಯೇ ಹುಟ್ಟಿತು. ಹೀಗೆ ಒಂದು ರೋಗ ಕೆಲವರಿಗೆ ಹೊಸ ಮನೆ ಕೊಟ್ಟಿತು. ಆ ರಸ್ತೆಗಳಿಗೆ ಜಲ್ಲಿ ಒಡೆದವರು, ಗಾರೆ ಹೊತ್ತವರು, ಚರಂಡಿ ಬಳಿದವರು ಸಂಜೆ ಎಲ್ಲಿಗೆ ವಾಪಸು ಹೋದರು ಅಂತ ಕೇಳಬೇಕಾದವರು ನಾವು.

ಶಾಲೆಯಲ್ಲಿ ನಮಗೆ ಕಲಿಸಿದ ಪ್ಲೇಗಿನ ಚರಿತ್ರೆ ಎಂದರೆ 1897ರ ಜೂನ್‌ನಲ್ಲಿ ಚಾಪೇಕರ ಸಹೋದರರು ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನನ್ನು ಗುಂಡಿಟ್ಟು ಕೊಂದ ಕತೆ. ಅದೇ ಪುಣೆಯಲ್ಲಿ ಅದೇ ವರ್ಷದ ಮಾರ್ಚ್ 10ರಂದು ಇನ್ನೊಂದು ಸಾವು ಆಗಿತ್ತು. ಮುಂಢ್ವದ ಮಹಾರ ಕೇರಿಯಲ್ಲಿ ಪ್ಲೇಗು ಬಡಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತರ ಚಿಕಿತ್ಸಾಲಯಕ್ಕೆ ತಂದ ಸಾವಿತ್ರಿಬಾಯಿ ಫುಲೆಯವರು ತಾವೇ ಪ್ಲೇಗಿಗೆ ಬಲಿಯಾದರು. ಮುಟ್ಟಿದರೆ ಸಾವು ಅಂತ ಗೊತ್ತಿದ್ದೂ, ಮುಟ್ಟಿದರೆ ಮೈಲಿಗೆ ಅನ್ನುವ ಕೇರಿಯ ಮಗುವನ್ನು ಎತ್ತಿಕೊಂಡವರು ಅವರು. ಗುಂಡು ಹಾರಿಸಿದ ಕತೆ ಪಠ್ಯವಾಯಿತು. ಮಗುವನ್ನು ಹೊತ್ತ ಕತೆ ಪಠ್ಯವಾಗುವುದಕ್ಕೆ ಎಷ್ಟು ಕಾಲ ಹಿಡಿಯಿತು, ಮೇಷ್ಟ್ರುಗಳೇ, ನೀವೇ ಹೇಳಿ.

ಪ್ಲೇಗಿನ ಭಯದಿಂದ 1898ರಲ್ಲಿ ಮುಂಬಯಿಯಲ್ಲೂ ಒಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯಿತು. ಅದು ಕೊಳೆಗೇರಿ ಕೆಡವಿತು, ಕೂಲಿಕಾರರಿಗೆ ಸಾಲು ಸಾಲು ಚಾಳುಗಳನ್ನೂ ಕಟ್ಟಿತು. ಪರೇಲಿನ ಅಂಥ ಒಂದು ಚಾಳಿನ ಪುಟ್ಟ ಕೋಣೆಗಳಲ್ಲೇ ಬಾಬಾಸಾಹೇಬ ಅಂಬೇಡ್ಕರರ ಸಂಸಾರ ಎರಡು ದಶಕ ಕಳೆಯಿತು. ಬಾಬಾಸಾಹೇಬರು ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿ ಸೇರಿದ್ದು 1918ರ ನವೆಂಬರಿನಲ್ಲಿ. ಆ ಹೊತ್ತಿಗೆ ಇನ್ನೊಂದು ರೋಗ ದೇಶವನ್ನು ಮುಗಿಸುತ್ತಿತ್ತು.

ಅದು ಇನ್‌ಫ್ಲುಯೆಂಜಾ. ಮೊದಲ ಮಹಾಯುದ್ಧದ ಕೊನೆಯ ವರ್ಷ. 1918ರ ಮಧ್ಯದಲ್ಲಿ ಮುಂಬಯಿಗೆ ಬಂದದ್ದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡನೆಯ ಸಲ ಎದ್ದು ಜನರನ್ನು ಗುಡಿಸಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಯುದ್ಧದಿಂದ ಮೊದಲೇ ಏರಿದ್ದ ಧಾನ್ಯದ ಬೆಲೆ ಇನ್ನೂ ಏರಿತು. ಇಂಡಿಯಾದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷ ಅಂತ ಬೇರೆ ಬೇರೆ ಅಂದಾಜುಗಳಿವೆ. ಇವತ್ತಿನ ಕರ್ನಾಟಕದ ನೆಲದಲ್ಲಿ 1911ರಲ್ಲಿ 1 ಕೋಟಿ 35 ಲಕ್ಷ ಜನರಿದ್ದರು. 1921ರ ಜನಗಣತಿಯಲ್ಲಿ 1 ಕೋಟಿ 34 ಲಕ್ಷಕ್ಕೆ ಇಳಿದರು. ಹತ್ತು ವರ್ಷದಲ್ಲಿ ಹುಟ್ಟಿದ್ದೆಲ್ಲ ಸೇರಿಸಿದರೂ ಲೆಕ್ಕ ಕಮ್ಮಿಯೇ.

ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯದ ರಾಜಧಾನಿ ಮುಂಬಯಿ ನಗರದಲ್ಲಿ ಜಾತಿವಾರು ಸಾವಿನ ಲೆಕ್ಕ ಬರೆದಿಟ್ಟಿದ್ದಾರೆ. ಸಾವಿರ ಜನ ಯುರೋಪಿಯನ್ನರಲ್ಲಿ ಸತ್ತವರು 8.3. ಪಾರ್ಸಿಗಳಲ್ಲಿ 9. ಸವರ್ಣ ಹಿಂದೂಗಳಲ್ಲಿ 18.9. 'ಕೆಳಜಾತಿಯ ಹಿಂದೂಗಳು' ಅಂತ ಅವರು ಬರೆದವರಲ್ಲಿ 61.6. ಒಂದೇ ನಗರ, ಒಂದೇ ರೋಗ, ಒಂದೇ ಗಾಳಿ. ಬಿಳಿಯರಿಗಿಂತ ಏಳು ಪಟ್ಟು, ಸವರ್ಣರಿಗಿಂತ ಮೂರು ಪಟ್ಟು ಹೆಚ್ಚು ಸಾವು ನಮ್ಮವರದು. ನಮ್ಮ ರಕ್ತದಲ್ಲೇನಾದರೂ ದೋಷವಿತ್ತೆ? ಇಲ್ಲ. ಒಂದು ಕೋಣೆಯಲ್ಲಿ ಹತ್ತು ಜನ, ಹೊಟ್ಟೆಗೆ ಕೂಳಿಲ್ಲ, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರಿಗೂ ಜ್ವರ. ರೋಗಕ್ಕೆ ಜಾತಿಯಿಲ್ಲ ಅನ್ನುವವರು ಈ ನಾಲ್ಕು ಅಂಕಿಗಳನ್ನು ಒಮ್ಮೆ ಜೋರಾಗಿ ಓದಲಿ.

ಆ ರೋಗದ ಇನ್ನೊಂದು ಗುಣವೆಂದರೆ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು ಹೆಚ್ಚು ಕೊಂದದ್ದು. ಅಂದರೆ ದುಡಿಯುವ ರಟ್ಟೆಗಳನ್ನು. ಕೂಲಿಯವನ ಮನೆಯಲ್ಲಿ ರಟ್ಟೆ ಹೋದರೆ ಉಳಿಯುವುದು ಮುದುಕರು, ಮಕ್ಕಳು, ಸಾಲ. ಜೀತಕ್ಕಿದ್ದವರನ್ನು ಯಾಕೆ ಸೇರಿದಿರಿ ಅಂತ ಕೇಳಿದರೆ ಬರುತ್ತಿದ್ದ ಉತ್ತರ ಮೂರೇ: ಮದುವೆ, ಕಾಯಿಲೆ, ಸಾವು. ಅಪ್ಪನ ಮಣ್ಣಿಗೆ ತಂದ ದುಡ್ಡಿಗೆ ಮಗ ದನ ಕಾಯಬೇಕು. ಬಡ್ಡಿಗೆ ಅವನ ದುಡಿಮೆ ವಜಾ ಆಗುತ್ತಿತ್ತು, ಅಸಲು ಹಾಗೇ ನಿಲ್ಲುತ್ತಿತ್ತು. ಇನ್‌ಫ್ಲುಯೆಂಜಾ ಒಂದೆರಡು ವರ್ಷದಲ್ಲಿ ನಿಂತಿತು. ಜೀತವನ್ನು ಕಾನೂನಿನಿಂದ ರದ್ದು ಮಾಡುವುದಕ್ಕೆ 1976ರವರೆಗೆ ಕಾಯಬೇಕಾಯಿತು.

ಈಗ 2020ಕ್ಕೆ ಬರೋಣ. ಆ ವರ್ಷ ಸರ್ಕಾರ ನಮಗೆ ಒಂದು ಹೊಸ ಮಾತು ಕಲಿಸಿತು: ಸಾಮಾಜಿಕ ಅಂತರ. ಹೊಸ ಮಾತೇನು ಬಂತು! ಹೋಟೆಲಿನ ಬೇರೆ ಲೋಟ, ಬಾವಿಯ ದೂರ, ದೇವಸ್ಥಾನದ ಹೊರಗಿನ ಅಂಗಳ, ಇವನ್ನೆಲ್ಲ ಕಂಡವರಿಗೆ ಸಾಮಾಜಿಕ ಅಂತರದ ಪಾಠ ಬೇಕಿತ್ತಾ? ಬೇಕಿದ್ದದ್ದು ಮೈ ಅಂತರ. ಹತ್ತಡಿ ಮನೆಯಲ್ಲಿ ಆರು ಜನ ಮಲಗುವವರಿಗೆ ಅದು ಸಿಗುವ ಮಾತಲ್ಲ.

ಇಂಡಿಯಾದಲ್ಲಿ ಕೊರೋನಾದ ಮೊದಲ ಸಾವು 2020ರ ಮಾರ್ಚ್ 10ರಂದು ನಮ್ಮ ಕಲಬುರಗಿಯಲ್ಲಿ ಆಯಿತು. ಮಾರ್ಚ್ 24ರ ರಾತ್ರಿ 8ಕ್ಕೆ ಪ್ರಧಾನಿ ಟಿವಿಯಲ್ಲಿ ಮಾತಾಡಿದರು. 12ಕ್ಕೆ ದೇಶ ಬಂದ್. ನಾಲ್ಕು ತಾಸು ಟೈಮು. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಗುಳೆ ಬಂದು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಿದ್ದವರ ರೇಷನ್ ಕಾರ್ಡು ಊರಿನಲ್ಲಿತ್ತು, ಹೊಟ್ಟೆ ಬೆಂಗಳೂರಿನಲ್ಲಿತ್ತು. ವಾರದ ಬಟವಾಡೆ ನಿಂತಿತು. ಜನ ಗಂಟು ಮೂಟೆ ಹೊತ್ತು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದರು.

ಮೇ ತಿಂಗಳಲ್ಲಿ ಹೊರರಾಜ್ಯದ ಕೂಲಿಗಳನ್ನು ಊರಿಗೆ ಕಳಿಸುವ ರೈಲುಗಳು ಶುರುವಾಗಿದ್ದವು. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ಮಾಡಿದರು. ಅದೇ ದಿನ ರಾಜ್ಯ ಸರ್ಕಾರ ನಾಳೆಯಿಂದ ರೈಲು ಬೇಡ ಅಂತ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀ ಅಂದ ಮೇಲೆ ಎರಡು ದಿನದಲ್ಲಿ ತೀರ್ಮಾನ ಬದಲಾಯಿತು. ದುಡಿಯುವವನು ಎದ್ದು ಹೋಗಕೂಡದು ಅನ್ನುವುದು ಜೀತದ ಮೊದಲ ನಿಯಮ. ಆ ನಿಯಮ 1976ರಲ್ಲಿ ಸತ್ತಿತು ಅಂದುಕೊಂಡಿದ್ದೆವು. ಅದು ಎರಡು ದಿನದ ಮಟ್ಟಿಗಾದರೂ ವಿಧಾನಸೌಧದಲ್ಲೇ ಎದ್ದು ಕೂತಿತ್ತು.

ಸರ್ಕಾರ ಏನೂ ಕೊಡಲಿಲ್ಲವೆಂದು ನಾವು ಹೇಳುವುದಿಲ್ಲ. ಕಾರ್ಡಿದ್ದವರಿಗೆ ತಲೆಗೆ ಐದು ಕಿಲೊ ಹೆಚ್ಚಿನ ಅಕ್ಕಿ ಬಂತು. ಆ ಅಕ್ಕಿ ಜೀವ ಉಳಿಸಿತು. ಜನಧನ ಖಾತೆಯಿದ್ದ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಕೊಟ್ಟರು. ಭಾಗಿಸಿ ನೋಡಿ: ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಕಟ್ಟಡ ಕೂಲಿಗಳಿಗೆ ಎರಡು ಸಲಕ್ಕೆ ಸೇರಿ 5000 ಅಂದರು, ಅದು ನೋಂದಣಿ ಆದವರಿಗೆ. ಕ್ಷೌರಿಕರಿಗೆ, ಅಗಸರಿಗೆ ಒಂದು ಸಲ 5000. 2021ರ ಮೇನಲ್ಲಿ, ಎರಡನೆಯ ಅಲೆಯಲ್ಲಿ, 2000 ರೂಪಾಯಿಯ ಪಟ್ಟಿಯಲ್ಲಿ ಚಮ್ಮಾರರ ಹೆಸರೂ ಇತ್ತು. 

ಸಾಲದ ಮಾತು ಕೇಳಿ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ, ಎರಡು ಕಂತಿನಲ್ಲಿ, ಆರು ತಿಂಗಳು ಸಾಲ ವಸೂಲಿ ಮುಂದೂಡಬಹುದು ಅಂದಿತು. ಕೇರಿಯ ಕಿವಿಗೆ ಅದು 'ಮನ್ನಾ' ಅಂತ ಬಿತ್ತು. ಬಡ್ಡಿ ಒಂದು ದಿನವೂ ನಿಲ್ಲಲಿಲ್ಲ. ಸಂಘದಲ್ಲಿ 30,000 ಸಾಲ ತೆಗೆದ ಹೆಂಗಸಿಗೆ ವರ್ಷಕ್ಕೆ ನೂರಕ್ಕೆ 24ರ ಬಡ್ಡಿ ಅಂತ ಇಟ್ಟುಕೊಳ್ಳಿ. ಆರು ತಿಂಗಳಿಗೆ 3,600 ಬಡ್ಡಿ. ಅದೇ ಸಾಲ ಊರಿನ ಬಡ್ಡಿಯವನ ಹತ್ತಿರ, ತಿಂಗಳಿಗೆ ನೂರಕ್ಕೆ ಐದರಂತೆ ಇದ್ದರೆ 9,000. ಬಡ್ಡಿಯವನಿಗೆ ರಿಸರ್ವ್ ಬ್ಯಾಂಕಿನ ಸುತ್ತೋಲೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಅತ್ತ ಆಕೆಯ ಕೈಗೆ ಬಂದ ಜನಧನದ ದುಡ್ಡು ಒಟ್ಟು 1,500.

ಬಂದ್ ಸಡಿಲವಾದ ಕೂಡಲೇ ವಸೂಲಿಯವರ ಬೈಕು ಕೇರಿಗೆ ಬಂತು. "ಏನಕ್ಕಾ, ಕಂತು?" "ಕೆಲ್ಸಾನೇ ಇಲ್ವಲ್ಲ ಸಾರ್, ಎಲ್ಲಿಂದ ತರೋಣ?" "ನೀವು ಕಟ್ಟದಿದ್ರೆ ಗುಂಪಿನವರೆಲ್ಲ ಸೇರಿ ಕಟ್ಬೇಕಾಯ್ತದೆ, ನೋಡ್ಕಳಿ." ಒಬ್ಬಳ ಸಾಲಕ್ಕೆ ಹತ್ತು ಜನ ಜಾಮೀನು. ಬೆಳಿಗ್ಗೆ ಜೊತೆಯಲ್ಲಿ ಕಳೆ ಕೀಳುವ ಗೆಳತಿಯೇ ಸಂಜೆ ಬಾಗಿಲಿಗೆ ಬಂದು ಕೇಳಬೇಕು. ಹಳೇ ಸಾಹುಕಾರನಾದರೆ ಬೈಯುವುದಕ್ಕೆ ಒಂದು ಮುಖವಿತ್ತು. ಈಗ ಕೇರಿಯೇ ಕೇರಿಯನ್ನು ಬೈಯಬೇಕಾಯಿತು. ಕಂತಿಗೆ ಓಲೆ ಗಿರವಿ ಹೋಯಿತು, ಓಲೆಯ ಬಡ್ಡಿಗೆ ಇನ್ನೊಂದು ಸಂಘ ಬಂತು.

ಅದೇ ಹೊತ್ತಿಗೆ ಶಾಲೆ ಮೊಬೈಲಿನೊಳಕ್ಕೆ ಹೋಯಿತು. ಮೊಬೈಲು ಇಲ್ಲದ ಮಕ್ಕಳಿಗಾಗಿ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಮೇಷ್ಟ್ರುಗಳು ಮರದ ಕೆಳಗೆ, ಜಗಲಿಗಳ ಮೇಲೆ ಪಾಠ ಮಾಡಿದರು. ಸೋಂಕು ಹರಡಿ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಮೇಲೆ ಗಂಡು ಹುಡುಗರು ಇಟ್ಟಿಗೆ ಹೊರಲು ಹೋದರು, ಹೆಣ್ಣುಮಕ್ಕಳಿಗೆ ಗಂಡು ನೋಡಿದರು. ಮನೆ ಮನೆಗೆ ಹೋಗಿ ಜ್ವರ ಕೇಳುತ್ತಿದ್ದ ಆಶಾ ಕಾರ್ಯಕರ್ತೆಯರು ಆ ಜುಲೈನಲ್ಲಿ ತಿಂಗಳಿಗೆ 12,000 ಗೌರವಧನ ಕೊಡಿ ಅಂತ ಮುಷ್ಕರ ಹೂಡಬೇಕಾಯಿತು. ಹೂವು ಸುರಿದ ಸರ್ಕಾರಕ್ಕೆ ಸಂಬಳದ ಮಾತು ಕೇಳಿಸಲಿಲ್ಲ.

ಐದು ವರ್ಷ ಕಳೆಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರು ಸಾಲದ ವಸೂಲಿ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ, ನೇಣು ಹಾಕಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ್ದವು. ಆ ಸಾಲವೆಲ್ಲ ಕೊರೋನಾದ್ದೇ ಅಂತ ನಾವು ಹೇಳುವುದಿಲ್ಲ. ಆದರೆ 2020ರಲ್ಲಿ ಒಂದು ಸಾಲಕ್ಕೆ ಇನ್ನೊಂದು ಸಾಲ ಗಂಟು ಹಾಕಿಕೊಂಡ ಮನೆಗಳು ಆ ಗಂಟನ್ನು ಬಿಚ್ಚಿಲ್ಲ ಅನ್ನುವುದನ್ನು ಕೇರಿಗೆ ಹೋದವರು ಯಾರೂ ಅಲ್ಲಗಳೆಯಲಾರರು.

ಮೂರು ಸಲವೂ ನಡೆದದ್ದು ಒಂದೇ. ರೋಗ ಬಂದಾಗ ಸರ್ಕಾರ ದೇಹಗಳನ್ನು ನಿಲ್ಲಿಸಿತು: ಕ್ಯಾಂಪಿನಲ್ಲಿ, ಮನೆಯಲ್ಲಿ, ಗಡಿಯಲ್ಲಿ. ಬಡ್ಡಿಯನ್ನು ನಿಲ್ಲಿಸಲಿಲ್ಲ. ನಾವು ಕೇಳಬೇಕಾದ್ದು ಇಷ್ಟೇ. ಮುಂದಿನ ಸಲ ಕೂಲಿ ನಿಲ್ಲಿಸುವ ದಿನವೇ ಬಡ್ಡಿಯೂ ನಿಲ್ಲಬೇಕು. ಕಾರ್ಡು ಯಾವ ಊರಿನದಾದರೂ ಹಸಿದ ಜಾಗದಲ್ಲೇ ಅಕ್ಕಿ ಸಿಗಬೇಕು. ರೋಗದ ಕೆಲಸ ಮಾಡುವವರಿಗೆ ಹೂವಿನ ಬದಲು ಸಂಬಳ ಬೇಕು. ದೂರ ಇರಿ ಅನ್ನುವ ಸರ್ಕಾರ ದೂರ ಇರುವಷ್ಟು ನಿವೇಶನವನ್ನೂ ಕೊಡಬೇಕು.

ವಿದ್ಯಾರ್ಥಿ ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಒಂದು ಎರಡು ರೂಲಿನ ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಕೇರಿಗೆ ಹೋಗಿ. 2020ರಲ್ಲಿ ಎಷ್ಟು ದಿನ ಕೂಲಿ ಇರಲಿಲ್ಲ, ಏನು ಗಿರವಿ ಇಟ್ಟರು, ಯಾರ ಹತ್ತಿರ ಎಷ್ಟು ತಂದರು, ಇವತ್ತಿಗೆ ಎಷ್ಟು ಉಳಿದಿದೆ ಅಂತ ಮನೆ ಮನೆಯಲ್ಲಿ ಕೂತು ಬರೆಯಿರಿ. ಅಜ್ಜಿಯರು ಹೇಳುವುದನ್ನು ಅವರ ಮಾತಿನಲ್ಲೇ ಬರೆಯಿರಿ. ನಮ್ಮ ಹಿರಿಯರ ಪ್ಲೇಗಿನ ಲೆಕ್ಕ, ಇನ್‌ಫ್ಲುಯೆಂಜಾದ ಲೆಕ್ಕ ಮಣ್ಣಾಯಿತು. ಈ ಲೆಕ್ಕವೊಂದಾದರೂ ನಮ್ಮ ಕೈಬರಹದಲ್ಲಿ, ನಮ್ಮ ಪುಸ್ತಕದಲ್ಲಿ ಇರಲಿ.