ಮುತ್ತಜ್ಜನ ಹೆಸರು ಬರೆದಿಟ್ಟವರು

ಅಜ್ಜನ ಹೆಸರು ಎಲ್ಲರಿಗೂ ಗೊತ್ತು, ಮುತ್ತಜ್ಜನ ಹೆಸರನ್ನು ಕೆಲವರು ಕೇಳಿ ಬಲ್ಲರು, ಅದರಾಚೆಗೆ ಕತ್ತಲೆ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥನೊಬ್ಬನು, ನೂರೈವತ್ತು ವರ್ಷಗಳ ಹಿಂದೆ ಕಮಲಾಪುರದ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿದ ತನ್ನ ಹಿರಿಯನನ್ನು ಹುಡುಕಹೊರಟರೆ ಅವನಿಗೆ ದಾರಿ ತೋರುವವರು ಯಾರು?

ಅಮೆರಿಕದ ಹಳ್ಳಿಗನ ವಂಶಜರಿಗೆ ಈ ಕೆಲಸ ಅಷ್ಟು ಕಠಿನವಲ್ಲ. ಅಲ್ಲಿ 1850ರ ಜನಗಣತಿಯಿಂದಲೇ ಮನೆಯಲ್ಲಿದ್ದ ಸ್ವತಂತ್ರರೆಲ್ಲರ ಹೆಸರು ಬರೆದರು. ಆದರೆ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ಬರೆದದ್ದು ವಯಸ್ಸು, ಲಿಂಗ, ಬಣ್ಣ. ಹೆಸರನ್ನು ಸಾಮಾನ್ಯವಾಗಿ ಬರೆಯಲಿಲ್ಲ. ದಫ್ತರವು ತನಗೆ ಬೇಕಾದವರನ್ನಷ್ಟೇ ನೆನೆಯುತ್ತದೆ.

ಈ ಮಾತು ನಮ್ಮ ಸೀಮೆಗೂ ಸಲ್ಲುತ್ತದೆ. 1948ರವರೆಗೆ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿಯನ್ನು ಜಾರಿಗೆ ತಂದ ತರುವಾಯ ಕಂದಾಯದ ಲೆಕ್ಕಗಳಿಗೆ ಒಂದು ವ್ಯವಸ್ಥೆ ಬಂದಿತು. ಸರಕಾರದ ಭಾಷೆ ಮೊದಲು ಫಾರಸಿ, 1884ರಿಂದ ಉರ್ದು, ವರ್ಷಗಣನೆ ಫಸಲಿ. 1300ನೆಯ ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ 1890 ದೊರೆಯುತ್ತದೆ. ಹೀಗಾಗಿ ಕನ್ನಡವನ್ನು ಚೆನ್ನಾಗಿ ಓದಬಲ್ಲ ಮರಿಮಗನು ತನ್ನ ಹಿರಿಯನ ಹೆಸರಿನ ಮುಂದೆ ನಿರಕ್ಷರಿಯಾಗಿ ನಿಲ್ಲಬೇಕಾಗುತ್ತದೆ. ಓದಿಸಿಕೊಂಡರೂ ಅಲ್ಲಿ ಸಿಗುವವನು ಹೊಲವಿದ್ದ ಪಟ್ಟಾದಾರ. ಕೂಲಿಯವನಿಗೆ ಆ ಲೆಕ್ಕದಲ್ಲಿ ಸ್ಥಳವೆಲ್ಲಿ?

ಸರಕಾರಕ್ಕೆ ಬೇಕಿಲ್ಲದ ಸಂಗತಿಯನ್ನು ನೆನಪಿಟ್ಟವರು ಹೆಳವರು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನೊಡನೆ ಬಂದು, ತಮಗೆ ಸಲ್ಲುವ ಮನೆತನಗಳ ಬಾಗಿಲಲ್ಲಿ ನಿಂತು, ತಲೆಮಾರುಗಳ ಹೆಸರು ಹೇಳಿ ಕಾಳುಕಡ್ಡಿ ಪಡೆಯುವುದು ಅವರ ಕುಲವೃತ್ತಿ. ಮೂಲ ಊರು ಯಾವುದು, ಅಲ್ಲಿಂದ ಯಾರು ಎಲ್ಲಿಗೆ ಹೋದರು, ಯಾವ ಕವಲು ಎಲ್ಲಿ ಬೆಳೆಯಿತು, ಇದೆಲ್ಲ ಅವರ ಬಾಯಲ್ಲೂ ಹೊತ್ತಿಗೆಯಲ್ಲೂ ಉಂಟು.

ಹಾಗೆಂದು ಅವರ ಮಾತನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವುದು ನಮ್ಮ ಪದ್ಧತಿಯಾದುದರಿಂದ, ಒಂದೇ ವಂಶದಲ್ಲಿ ಇಬ್ಬರು ಬಸಪ್ಪರು ಬಂದು ಒಂದು ತಲೆಮಾರು ಲೋಪವಾಗಬಹುದು. ಹೆಳವನು ಹೆಸರುಗಳ ಸರಪಳಿ ಕೊಡುತ್ತಾನೆ. ಕಾಲವನ್ನು ಕೊಡುವುದು ಪಹಣಿ. ಎರಡನ್ನೂ ಎದುರುಬದುರು ಇಟ್ಟಾಗಲೇ ಇತಿಹಾಸ. 1876-78ರ ಘೋರ ಬರಗಾಲದಲ್ಲಿ ಅನೇಕ ಸಂಸಾರಗಳು ಊರು ಬಿಟ್ಟವೆಂಬುದನ್ನು ನೆನೆದರೆ, ಸರಪಳಿ ಆ ಕಾಲದಲ್ಲಿ ಇನ್ನೊಂದು ಊರಿಗೆ ಹಾರುವುದು ಆಶ್ಚರ್ಯವಲ್ಲ.

ಈಗ ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ. ಇತ್ತ ನಾವು ಪಟ್ಟಣ ಸೇರಿದ್ದೇವೆ. ಹೆಳವ ಬರುವುದು ಹಳ್ಳಿಯ ಮನೆಗೆ. ಅಲ್ಲಿ ಬೀಗ ಬಿದ್ದಿದ್ದರೆ ನಮ್ಮ ಮಕ್ಕಳ ಹೆಸರನ್ನು ಅವನಿಗೆ ಹೇಳುವವರಿಲ್ಲ. ಐದು ತಲೆಮಾರು ಉಳಿದು ಬಂದ ಸಾಲು ನಮ್ಮ ಕಾಲದಲ್ಲಿ ನಿಲ್ಲಬಹುದು.

ಆದುದರಿಂದ ಸುಗ್ಗಿಗೆ ಊರಿಗೆ ಹೋದಾಗ ಹೆಳವನನ್ನು ಕೂರಿಸಿಕೊಂಡು ಎಲ್ಲವನ್ನೂ ಬರೆದುಕೊಳ್ಳುವುದು ಒಳ್ಳೆಯದು. ಅವನ ಸಾಲು ಬಹುಮಟ್ಟಿಗೆ ಗಂಡುಮಕ್ಕಳ ಸಾಲು. ಅಜ್ಜಿಯ ತವರೂರು ಯಾವುದು, ಅವಳ ತಾಯಿಯ ಹೆಸರೇನು ಎಂಬುದನ್ನು ಅಜ್ಜಿಯನ್ನೇ ಕೇಳಬೇಕು, ಅವಳಿರುವಾಗಲೇ ಕೇಳಬೇಕು.