ಶೋ ಪುಣೆದಾಗ, ಮನಿ ನಿಪ್ಪಾಣಿದಾಗ: ಹಾಡು ಕೇಳಾಕ ಗಡಿ ದಾಟಿದ ಕಥೆ

ಇವತ್ತಿನ ಇತಿಹಾಸ ಒಂದು ಟಿಕೆಟ್‌ನಿಂದ ಶುರು ಮಾಡೋಣ.

2025ರಲ್ಲಿ ಹನಿ ಸಿಂಗ್ ಅವರ ಮಿಲಿಯನೇರ್ ಟೂರ್ ಬೆಂಗಳೂರಿಗೂ ಬಂತು, ಪುಣೆಗೂ ಬಂತು. ನೀವು ನಿಪ್ಪಾಣಿಯವರಾಗಿದ್ರೆ ಎಲ್ಲಿಗೆ ಹೋಗ್ತಿದ್ರಿ? ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಪುಣೆ ಹೆಚ್ಚುಕಡಿಮೆ ಅದರ ಅರ್ಧ, ಅದೂ ಊರಿಗೆ ಹತ್ತಿಕೊಂಡೇ ಇರೋ ಹೈವೇ. ಲೆಕ್ಕ ಸರಳ. ಆದ್ರೆ ಪುಣೆ ಶೋಗೆ ಮೂರು ವಾರ ಇರುವಾಗ, ಬಸ್ ಸಿಬ್ಬಂದಿ ಮೇಲಿನ ಹಲ್ಲೆಗಳ ಗಲಾಟೆಯಲ್ಲಿ ಎರಡೂ ರಾಜ್ಯಗಳ ನಡುವಿನ ಬಸ್ಸುಗಳು ಕೆಲವು ದಿನ ನಿಂತುಬಿಟ್ಟವು. ಟಿಕೆಟ್ ಫೋನಿನಲ್ಲಿದೆ, ಬಸ್ ಗಡಿಯಲ್ಲಿದೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹುಡುಗರಿಗೆ ಈ ಸಂಕಟ ಗೊತ್ತು.

ಆದ್ರೆ ನೋಡ್ರಿ, ನಾವು ಹಾಡು ಕೇಳೋಕೆ ಆ ಕಡೆ ಹೋಗೋದು ಇನ್‌ಸ್ಟಾಗ್ರಾಂ ಬಂದ ಮೇಲೆ ಹುಟ್ಟಿದ ಚಟ ಅಲ್ಲ. ಈ ಸೀಮೆಯ ಸಂಗೀತದ ಪೇಟೆ ಅಂದ್ರೆ ಮಿರಜ. ಕಾಗವಾಡದಿಂದ ಹದಿನೈದು ಕಿಲೋಮೀಟರ್ ಆಸುಪಾಸು, ಅಷ್ಟೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪುಣೆಯಿಂದ ಬೆಳಗಾವಿ ಕಡೆಗೆ ರೈಲು ಬಂದಾಗ ಮಿರಜ ಜಂಕ್ಷನ್ ಆಯ್ತು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಎಲ್ಲ ಅದೇ ಹಳಿ ಮೇಲಿನ ಸ್ಟೇಷನ್‌ಗಳು. ಗಾಡಿ ಹತ್ತಿದ್ರೆ ಮಿರಜ. ನಿಪ್ಪಾಣಿಯವರಿಗೆ ಕೊಲ್ಹಾಪುರ ಇನ್ನೂ ಹತ್ತಿರ; ಅಲ್ಲಿ ಶಾಹೂ ಮಹಾರಾಜರ ಆಸ್ಥಾನದಲ್ಲಿ ಅಲ್ಲಾದಿಯಾ ಖಾನರು ಹಾಡ್ತಿದ್ರು. ರಾಯಬಾಗ ಅಂತೂ ಆಗ ಕೊಲ್ಹಾಪುರ ಸಂಸ್ಥಾನದ್ದೇ. ಅಲ್ಲಿನವರಿಗೆ ಅದು ಪರರಾಜ್ಯ ಅಲ್ಲ, ಸ್ವಂತ ರಾಜಧಾನಿ.

ಆ ಕಾಲದ ಸ್ಟಾರ್ ಯಾರು? ಬಾಲಗಂಧರ್ವ. 1905ರಲ್ಲಿ ಮಿರಜದಲ್ಲೇ ಶಕುಂತಲೆಯಾಗಿ ರಂಗಕ್ಕೆ ಬಂದ ಹುಡುಗ. ಮುಂದೆ ಆ ಗಂಡಸು ವೇದಿಕೆ ಮೇಲೆ ಉಟ್ಟ ಸೀರೆ ನೋಡಿ ಮನೆ ಹೆಣ್ಣುಮಕ್ಕಳು ಅದೇ ಥರ ಉಡ್ತಿದ್ರು! ಅವರಿದ್ದ ಕಂಪನಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಪಿತಾಮಹ ನಮ್ಮ ಜಿಲ್ಲೆಯವರು ಅನ್ನೋದನ್ನ ಎರಡೂ ಕಡೆಯ ಭಾಷಣಕಾರರು ಜಾಣತನದಿಂದ ಮರೀತಾರೆ.

ಆದ್ರೆ ಮಿರಜದ ಹೆಸರು ನಿಂತಿರೋದು ಅಬ್ದುಲ್ ಕರೀಂ ಖಾನರ ಮೇಲೆ. ಉತ್ತರ ಪ್ರದೇಶದ ಕೈರಾನದವರು. ಪ್ಲೇಗ್ ಬಂದಾಗ ಇಲ್ಲಿನ ಮೀರಾಸಾಹೇಬ ದರ್ಗಾದಲ್ಲಿ ಹಾಡಿ ಗುಣವಾದರು ಅಂತ ಜನ ಹೇಳ್ತಾರೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಮೈಸೂರು ಅರಮನೆಗೂ ಅವರು ಹೋಗಿ ಬರ್ತಿದ್ರು. ಅಂದ್ರೆ ಹಾಡೋರೂ ಇದೇ ರೈಲಿನವರು, ಕೇಳೋರೂ ಇದೇ ರೈಲಿನವರು. 1937ರ ಅಕ್ಟೋಬರ್ 27ರಂದು ಖಾನಸಾಹೇಬರು ತೀರಿಕೊಂಡಿದ್ದೂ ಪ್ರಯಾಣದಲ್ಲೇ. ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟವರು ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ದೇಹವನ್ನು ಮಿರಜಕ್ಕೇ ತಂದರು. ದರ್ಗಾದ ಆವರಣದಲ್ಲಿ ಅವರ ನೆನಪಿನ ಸಂಗೀತೋತ್ಸವ ಇವತ್ತಿಗೂ ನಡೀತದೆ.

ಅವರ ರೆಕಾರ್ಡ್ ಅಂತೂ ಆ ಕಾಲದ ರೀಲ್ಸ್. ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಅದನ್ನ ಕೇಳಿ, ಇಂಥಾ ಗಾಯನ ಕಲೀಬೇಕು ಅಂತ 1933ರಲ್ಲಿ ಮನೆ ಬಿಟ್ಟು ರೈಲು ಹತ್ತಿದ. ರೈಲಿನಲ್ಲಿ ಹಾಡಿ ಹೊಟ್ಟೆ ಹೊರೆದ. ಹೆಸರು ಭೀಮಸೇನ ಜೋಶಿ. (ನೀವು ಹೇಳದೆ ಕೇಳದೆ ಮನೆ ಬಿಡಬ್ಯಾಡ್ರಿ, ಮಾರಾಯ್ರೆ.)

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಮಿರಜ ಆಚೆ ಉಳೀತು. ಸ್ಟೇಷನ್ ಒಂದು ಇಂಚೂ ಸರಿಯಲಿಲ್ಲ. ಆದ್ರೆ ಅವತ್ತಿನಿಂದ ಕಚೇರಿಗೆ ಹೋಗೋದೂ ಗಡಿ ದಾಟೋ ಕೆಲಸ ಆಯ್ತು. ಬಸ್ಸಿಗೆ ಮಸಿ ಬಳಿದಾಗೆಲ್ಲ ನಮ್ಮ ಸಂಜೆಗೂ ಬೀಳ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಆ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಈ ಕಡೆ ಬರೋದೂ ನಿಂತಿಲ್ಲ, ನಾವು ಹೋಗೋದೂ ನಿಂತಿಲ್ಲ. ಪೇಪರಿನಲ್ಲಿ ಬರೋದು ಮಸಿ ಮಾತ್ರ.

ನನಗೆ ದೊಡ್ಡದಾಗಿ ಕಾಣೋ ಬದಲಾವಣೆ ಗಡಿಯದಲ್ಲ, ಗಡಿಯಾರದ್ದು. ಆಗಿನ ಬೈಠಕ್ ಬೆಳತನಕ ನಡೀತಿತ್ತು. ಭೈರವಿ ಹಾಡಿ ಮುಗಿಸಿದ್ರೆ ಬೆಳಗಿನ ಗಾಡಿ. ರಾತ್ರಿ ಎಲ್ಲಿ ಮಲಗೋದು ಅನ್ನೋ ಪ್ರಶ್ನೆನೇ ಇಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನ ಶೋಗಳು ಸಾಮಾನ್ಯವಾಗಿ ರಾತ್ರಿ 10ಕ್ಕೆ ಬಂದ್. ಸುತ್ತಲಿನವರ ನಿದ್ದೆಗೆ ಒಳ್ಳೇದೇ. ಆದ್ರೆ ಪುಣೆಯಲ್ಲಿ ಹತ್ತಕ್ಕೆ ಮೈದಾನದಿಂದ ಹೊರಬಿದ್ದ ಅಥಣಿಯ ಹುಡುಗಿ ಆಮೇಲೆ ಏನು ಮಾಡ್ಬೇಕು? ಅಣ್ಣನೋ ಗೆಳತಿಯೋ ಜೊತೆಗಿಲ್ಲದಿದ್ರೆ ಆಕೆಯ ಟಿಕೆಟ್ ಮನೆಯಲ್ಲೇ ಕ್ಯಾನ್ಸಲ್ ಆಗ್ತದೆ.

ನಿಮ್ಮ ಅಜ್ಜ-ಅಜ್ಜಿ ಮಿರಜಕ್ಕೋ ಕೊಲ್ಹಾಪುರಕ್ಕೋ ಯಾರ ಹಾಡು ಕೇಳೋಕೆ ಹೋಗಿದ್ರು, ವಾಪಸ್ ಹೆಂಗ ಬಂದ್ರು? ಇವತ್ತೇ ಕೇಳ್ರಿ, ಒಂದು ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಲ ಅವನ್ನೇ ಕೇಳಿಸ್ತೀವಿ.