‘ಟು’ ಯಾವ ಪದಕ್ಕೆ ಸೇರಿದ್ದು?

ಇಂಗ್ಲಿಷ್‌ನ ಫ್ರೇಸಲ್ ವರ್ಬ್‌ನ ಬೆನ್ನಿಗೆ ಪ್ರಿಪೊಸಿಷನ್ ಬಂದಾಗ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ. ‘ಲಾಗ್ ಇನ್ ಟು ದಿ ಅಕೌಂಟ್’ ಎಂಬಲ್ಲಿ ‘ಇನ್’ ಕ್ರಿಯಾಪದದ ಅಂಗ. ‘ಟು’ ಮುಂದಿನ ನಾಮಪದಕ್ಕೆ ಸೇರಿದ್ದು. ‘ಅಕೌಂಟ್’ ಕೈಬಿಟ್ಟರೆ ‘ಟು’ ಸಹ ಹೋಗಿ ‘ಲಾಗ್ ಇನ್’ ಮಾತ್ರ ಉಳಿಯುತ್ತದೆ. ಕನ್ನಡದಲ್ಲಿ ‘ಖಾತೆಗೆ’ ಎಂಬಲ್ಲಿನ ‘ಗೆ’ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ. ಇಂಗ್ಲಿಷ್‌ನ ‘ಟು’ ಅದಕ್ಕೆ ಮೊದಲೇ ಬರುತ್ತದೆ.

ಉದ್ಯೋಗದ ಅರ್ಜಿಗಳ ಕೊನೆಯಲ್ಲಿ ಬರುವ ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿಯೂ ‘ಟು’ ಪ್ರಿಪೊಸಿಷನ್ನೇ. ಆದ್ದರಿಂದ ‘ಟು ಹಿಯರ್’ ತಪ್ಪು, ‘ಟು ಹಿಯರಿಂಗ್’ ಸರಿ. ಸಂದೇಹವಿದ್ದಲ್ಲಿ ‘ಟು’ ನಂತರ ‘ಯುವರ್ ರಿಪ್ಲೈ’ ಎಂದಿಟ್ಟು ನೋಡಬಹುದು. ಆ ನಾಮಪದ ಹೊಂದಿದರೆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಲೇಬೇಕು.